ಬೀಗ ಹಾಕಿದ ಕೋಣೆಯ ಹೊಗೆ

ಬೀಗ ಕಂಡರೆ ನನಗೆ ಮೊದಲಿನಿಂದಲೂ ವಿಪರೀತ ಮರ್ಯಾದೆ. ಬಾಗಿಲಲ್ಲಿ ಬೀಗ ನೇತಾಡುತ್ತಿದೆ ಎಂದರೆ ಒಳಗೆ ಯಾರೂ ಇಲ್ಲ, ಚಪ್ಪಲಿ ಮೆಟ್ಟಿಕೊಂಡು ಹಿಂದಿರುಗುವುದೇ ಸರಿ ಎಂದು ನಂಬಿಕೊಂಡು ಬದುಕಿದವಳು ನಾನು. ನೀವೂ ಹಾಗೇ ನಂಬಿರುತ್ತೀರಿ. ಅದರಿಂದ ನಿಮಗೇನೂ ನಷ್ಟವಾಗಿರಲಾರದು. ನನ್ನ ಈ ಮರ್ಯಾದೆಯಿಂದ ಮಾತ್ರ ಒಬ್ಬ ಮನುಷ್ಯನ ಬಾಯೊಳಗಿನ ಹುಣ್ಣು ಯಾರ ಕಣ್ಣಿಗೂ ಬೀಳದೆ ಹೋಗುವುದರಲ್ಲಿತ್ತು.

ಪೀಣ್ಯದ ಕಡೆ ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ನಾನು ಆರೋಗ್ಯ ಸಮೀಕ್ಷೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದೆ. ಚಿಕ್ಕಬಾಣಾವರದ ನನ್ನ ಮನೆಯಿಂದ ಬಸ್ಸು ಹಿಡಿದು ಟಿ. ದಾಸರಹಳ್ಳಿಗೆ ಹೋಗುವುದು, ಕಚೇರಿಯವರು ಅಲ್ಲೊಂದು ಇಲ್ಲೊಂದು ಆರಿಸಿ ಕೊಟ್ಟ ಪಟ್ಟಿಯಲ್ಲಿದ್ದ ಮನೆಗಳ ಬಾಗಿಲು ತಟ್ಟುವುದು, ಮುಖ್ಯವಾಗಿ ಎರಡು ಪ್ರಶ್ನೆ ಕೇಳುವುದು. ಬೀಡಿ, ಸಿಗರೇಟು, ಹೊಗೆಸೊಪ್ಪು ಏನಾದರೂ ಬಳಸುತ್ತೀರಾ? ಬಾಯಿ, ಸ್ತನ, ಗರ್ಭಕೋಶದಲ್ಲಿ ಕ್ಯಾನ್ಸರ್ ಇದೆಯೇ ಎಂದು ಯಾವತ್ತಾದರೂ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದವಳಿಗೆ ಇದಕ್ಕಿಂತ ಸುಲಭದ ಕೆಲಸ ಉಂಟೇ ಎಂದು ಜಂಬದಿಂದಲೇ ಹೊರಟಿದ್ದೆ.

ಜಂಬ ಮೊದಲ ವಾರದಲ್ಲೇ ಇಳಿಯಿತು. ಮೊದಲನೆಯ ಪ್ರಶ್ನೆ ಕೇಳಿದರೆ ಗಂಡಸರು ನನ್ನ ಮುಖ ನೋಡುವುದಿಲ್ಲ, ನನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡುತ್ತಾರೆ. ತಾಯಿ ನಿಂತಿದ್ದರೆ “ಇಲ್ಲ.” ಹೆಂಡತಿ ನಿಂತಿದ್ದರೆ “ಬಿಟ್ಬಿಟ್ಟಿದೀನಿ.” ಗೆಳೆಯ ನಿಂತಿದ್ದರೆ “ಯಾವಾಗ್ಲಾದ್ರೂ ಒಂದು, ಮೇಡಂ.” ಎರಡನೆಯ ಪ್ರಶ್ನೆಯದು ಬೇರೆಯೇ ಫಜೀತಿ. ಕ್ಯಾನ್ಸರ್ ಎಂಬ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹೆಂಗಸರು ಕೈ ಅಡ್ಡ ಹಿಡಿದು “ಬಿಡ್ತು ಅನ್ನಿ!” ಎನ್ನುತ್ತಿದ್ದರು. ನಾನು ವಿಧೇಯಳಾಗಿ “ಬಿಡ್ತು” ಎನ್ನಬೇಕು, ಆಮೇಲೆಯೇ ಮುಂದಿನ ಮಾತು. ಕೆಲವು ದಿನ ನಾನು ಬರೆದುಕೊಂಡ ಉತ್ತರಗಳಿಗಿಂತ ಹೇಳಿದ ‘ಬಿಡ್ತು’ಗಳೇ ಹೆಚ್ಚಾಗಿರುತ್ತಿದ್ದವು.

ಆ ಬೀದಿಯಲ್ಲಿ ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟವರು ಜಯಮ್ಮ. ದಾಸರಹಳ್ಳಿ ನಿಜವಾಗಿ ಹಳ್ಳಿಯಾಗಿದ್ದಾಗ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಮೂರು ಅಂತಸ್ತಿನ ಕಟ್ಟಡ ಎದ್ದಿತ್ತು. ಕೆಳಗೆ ಅವರು, ಮೇಲಿನ ಸಾಲು ಕೋಣೆಗಳಲ್ಲಿ ಬಾಡಿಗೆಗೆ ಪೀಣ್ಯದ ಫ್ಯಾಕ್ಟರಿ ಕೆಲಸದವರು.

“ನಮ್ಮನೇಲಿ ಒಗೆಸೊಪ್ಪು ಮುಟ್ಟೋರು ಯಾರೂ ಇಲ್ಲ ಕಣವ್ವ, ಬರ್ಕೋ,” ಎಂದರು ಜಯಮ್ಮ, ವೀಳ್ಯದೆಲೆಗೆ ಸುಣ್ಣ ಸವರುತ್ತ. ಸುಣ್ಣದ ಮೇಲೆ ಅಡಿಕೆ ಬಿತ್ತು. ಅಡಿಕೆಯ ಮೇಲೆ ಒಂದು ಚಿಟಿಕೆ ಕಡ್ಡಿಪುಡಿ ಬಿತ್ತು.

“ಇದೇನಮ್ಮ ಮತ್ತೆ? ಇದೂ ಹೊಗೆಸೊಪ್ಪೇ ಅಲ್ವಾ?”

“ಇದಾ? ಇದು ಎಲೆ ಅಡ್ಕೆಗೆ ಆಕೋದು. ಅಂಗೇ ಬರೀ ಬಾಯ್ಗೆ ಆಕಂಡ್ರೆ ತಾನೆ ಒಗೆಸೊಪ್ಪು?”

ನಾನು ಕ್ಯಾನ್ಸರ್ ಪ್ರಶ್ನೆಗೆ ಬಂದೆ, ‘ಬಿಡ್ತು’ ಅಂದೆ, ಮತ್ತೆ ಕೇಳಿದೆ. ಜಯಮ್ಮ ಎಲೆಯನ್ನು ಮಡಚಿ ದವಡೆಗಿಟ್ಟುಕೊಂಡು ನನ್ನನ್ನೇ ದಿಟ್ಟಿಸಿದರು. “ನೀನ್ ಮಾಡ್ಸಿದೀಯೇನವ್ವ?”

ನನ್ನ ತರಬೇತಿಯಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸಿದ್ದರೇ ಹೊರತು ಉತ್ತರ ಕೊಡುವುದನ್ನಲ್ಲ. ನಾನು ಮಾಡಿಸಿರಲಿಲ್ಲ. ಊರಿನ ಹೆಂಗಸರನ್ನೆಲ್ಲ ಕೇಳಿಕೊಂಡು ಬಂದವಳು ನಾನೇ ಮಾಡಿಸಿರಲಿಲ್ಲ. ಪೆನ್ನಿಗೆ ಏನೋ ಆಗಿದೆಯೆಂಬಂತೆ ಅದನ್ನು ಕೊಡವಿ ಎದ್ದು ಬಂದೆ.

ಮೇಲಿನ ಅಂತಸ್ತುಗಳಲ್ಲಿ ನನಗೆ ಸಿಕ್ಕಿದ್ದು ಬೀಗಗಳು. ಪಟ್ಟಿಯಲ್ಲಿದ್ದ ಕೋಣೆಗಳ ಬಾಗಿಲಲ್ಲೆಲ್ಲ ಬೀಗ. ಬೆಳಗ್ಗೆ ಹೋದರೂ ಬೀಗ, ಮಧ್ಯಾಹ್ನ ಹೋದರೂ ಬೀಗ. ಮೂರು ಸಲ ಹೋಗಿಯೂ ಬೀಗವಿದ್ದರೆ ‘ಮನೆಗೆ ಬೀಗ’ ಎಂದು ಬರೆದು ಆ ಮನೆಯನ್ನು ಕೈಬಿಡಬೇಕು ಎಂಬುದು ನಮ್ಮ ನಿಯಮ. ನನಗೆ ಈ ನಿಯಮ ಬಹಳ ಹಿಡಿಸಿತ್ತು. ಮೆಟ್ಟಿಲು ಹತ್ತಿ ಹತ್ತಿ ಮಂಡಿ ನೋಯುವವರಿಗೆ ಹಿಡಿಸುವಂಥ ನಿಯಮವೇ ಅದು.

ಹೀಗಾಗಿ ನನ್ನ ಪುಸ್ತಕದ ಪ್ರಕಾರ ಆ ಬೀದಿಯಲ್ಲಿ ಹೆಚ್ಚುಕಡಿಮೆ ಯಾರೂ ಬೀಡಿ ಸೇದುತ್ತಿರಲಿಲ್ಲ. ಮೂಲೆಯ ಬೀಡಾ ಅಂಗಡಿಯವನಿಗೆ ಈ ಸಂತೋಷದ ಸುದ್ದಿ ತಿಳಿಸಿದೆ. ಅವನ ಅಂಗಡಿಯ ಕಂಬಕ್ಕೆ, ಬೀಡಿ ಹಚ್ಚಿಕೊಳ್ಳಲೆಂದೇ ನೇತುಹಾಕಿದ ಹಗ್ಗದ ತುದಿ ಹೊಗೆಯಾಡುತ್ತಿತ್ತು.

“ಹಂಗಾದ್ರೆ ನಾನು ದಿನಾ ಯಾರಿಗ್ ಮಾರ್ತಿದೀನಿ ಮೇಡಂ, ದೆವ್ವಗಳಿಗಾ?” ಎಂದ.

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಸಮೀಕ್ಷೆಯ ಶಾಸ್ತ್ರವನ್ನೆಲ್ಲ ಒಂದು ಸಾರಿನ ಪಾತ್ರೆಯಲ್ಲಿ ಹೇಳಿಬಿಡಬಹುದು, ಕೇಳಿ. ರುಚಿ ನೋಡಲು ಪಾತ್ರೆ ಖಾಲಿ ಮಾಡಬೇಕಾಗಿಲ್ಲ, ಒಂದು ಚಮಚ ಸಾಕು. ಆದರೆ ಅದಕ್ಕೆ ಮುಂಚೆ ಸೌಟು ಹಾಕಿ ತಳದಿಂದ ಚೆನ್ನಾಗಿ ತಿರುವಬೇಕು. ಇಲ್ಲದಿದ್ದರೆ ಚಮಚಕ್ಕೆ ಬರುವುದು ಬರೀ ತಿಳಿ, ಬೇಳೆಯೆಲ್ಲ ತಳದಲ್ಲೇ. ಆ ಬೀದಿಯಲ್ಲಿ ಬೇಳೆ ಇದ್ದದ್ದು ಮೂರನೆಯ ಅಂತಸ್ತಿನಲ್ಲಿ, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಸಂಗತಿ ಇದೆ. ಒಂದು ಬೀದಿಯಿಂದ ಬಂದ ಉತ್ತರಗಳು ತೀರಾ ಕಡಿಮೆಯಾದರೆ ಕಚೇರಿಯಲ್ಲಿ ಪಕ್ಕದ ಬಡಾವಣೆಗಳ ಉತ್ತರವನ್ನೂ ಸೇರಿಸಿಕೊಂಡು ಅಂದಾಜು ಮಾಡುತ್ತಾರೆ, ಹಾಲಿದ್ದೂ ಹೆಪ್ಪಿಲ್ಲದವರು ಪಕ್ಕದ ಮನೆಯಿಂದ ತರುವ ಹಾಗೆ. ದಾಸರಹಳ್ಳಿಯ ಬೀಗಗಳ ಜಾಗವನ್ನು ನಮ್ಮ ಚಿಕ್ಕಬಾಣಾವರದ ರಿಟೈರಾದ ಮೇಷ್ಟ್ರುಗಳು ತುಂಬುತ್ತಿದ್ದರು ಎಂದಾಯಿತು.

ಇದು ಬರೀ ಕಾಗದದ ಲೆಕ್ಕವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಆ ಅಂದಾಜಿನ ಮೇಲೆ ಒಂದು ಬಸ್ಸು ಓಡಬೇಕಿತ್ತು. ಕ್ಯಾನ್ಸರ್ ಪರೀಕ್ಷೆಗೆಂದು ಡಾಕ್ಟರು, ನರ್ಸು, ಯಂತ್ರ ಎಲ್ಲ ತುಂಬಿಕೊಂಡ ಬಸ್ಸು ಇದ್ದದ್ದು ಒಂದೇ. ಎಲ್ಲಿ ಸೇದುವವರು ಹೆಚ್ಚೋ, ಪರೀಕ್ಷೆ ಮಾಡಿಸಿಕೊಂಡವರು ಕಡಿಮೆಯೋ ಅಲ್ಲಿಗೆ ಅದು ಮೊದಲು ಹೋಗುವುದು. ಯಾರೂ ಸೇದದ ಬೀದಿಗೆ ಅದು ಯಾಕೆ ಬಂದೀತು?

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಜಯಮ್ಮನವರ ಮೂರನೆಯ ಅಂತಸ್ತಿಗೆ ಮತ್ತೊಮ್ಮೆ ಹತ್ತಿದೆ. ಕೊನೆಯ ಕೋಣೆಗೆ ಬೀಗ. ಅದು ನನ್ನ ನಾಲ್ಕನೆಯ ಭೇಟಿ, ನಿಯಮಕ್ಕಿಂತ ಒಂದು ಹೆಚ್ಚೇ. ತಿರುಗಿ ಹೊರಟವಳು ಹಾಗೇ ನಿಂತೆ. ಬೀಗ ಹಾಕಿದ ಆ ಕೋಣೆಯ ಕಿಟಕಿಯಿಂದ ಎಳೆಎಳೆಯಾಗಿ ಹೊಗೆ ಬರುತ್ತಿತ್ತು. ಅಯ್ಯೋ ದೇವರೇ, ಬೆಂಕಿ ಬಿದ್ದಿದೆ ಎಂದು ಕಿಟಕಿಗೆ ಓಡಿದೆ. ಮೂಗಿಗೆ ಬಡಿದದ್ದು ಬೀಡಿಯ ವಾಸನೆ.

“ಯಾರ್ರೀ ಅದು?” ಎಂದಿತು ಒಳಗಿನಿಂದ ಒಂದು ಗಂಡುದನಿ.

“ನೀವು ಯಾರ್ರೀ? ಹೊರಗೆ ಬೀಗ ಇದೆ!”

“ಬೀಗ ಇರೂದು ಹೌದ್ರೀ. ಅದಕ್ಕ ನಿದ್ದಿ ಬರ್ತೈತಿ.”

ಅವನ ಹೆಸರು ಸಿದ್ದಪ್ಪ, ಗದಗಿನ ಕಡೆಯವನು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏಳಕ್ಕೆ ಬರುತ್ತಾನೆ. ಜೊತೆಗಿರುವ ಮಲ್ಲು ಎಂಟೂವರೆಗೆ ಕೆಲಸಕ್ಕೆ ಹೊರಡುವಾಗ ಮಲಗಿದ್ದವನನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ಒಳಗಿನಿಂದ ಚಿಲಕ ಹಾಕಿದರೆ ನೀರಿನವರು, ಚೀಟಿಯವರು, ಗೆಳೆಯರು ಎಲ್ಲರೂ ಬಾಗಿಲು ಬಡಿಯುತ್ತಾರೆ. ಬೀಗ ಕಂಡರೆ ಯಾರೂ ಬಡಿಯುವುದಿಲ್ಲ. ಒಳಗೇ ಚೋಟುದ್ದ ಬಚ್ಚಲಿತ್ತು, ಸ್ಟವ್ ಇತ್ತು. ಮಲ್ಲು ಬರುವ ಸಂಜೆ ಆರರವರೆಗೆ ಇನ್ನೇನು ಬೇಕು? ಆ ಸಾಲಿನ ಎಷ್ಟೋ ಕೋಣೆಗಳಲ್ಲಿ ಇದೇ ಪದ್ಧತಿಯಂತೆ. ನಾನು ‘ಮನೆಗೆ ಬೀಗ’ ಎಂದು ಬರೆಯುತ್ತ ನಿಂತಿದ್ದಾಗ ಒಳಗೆ ಗೊರಕೆ ಹೊಡೆಯುತ್ತಿದ್ದರು ನನ್ನ ದೆವ್ವಗಳು.

ಕಿಟಕಿಯ ಸರಳುಗಳ ಮೂಲಕವೇ ಪ್ರಶ್ನೆ ಕೇಳಿದೆ. ಹಿಂದೆ ನಿಂತು ನೋಡಲು ತಾಯಿಯೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಅಷ್ಟು ನಿಜವಾದ ಉತ್ತರಗಳು ಆ ತಿಂಗಳಲ್ಲಿ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ದಿನಕ್ಕೆ ಒಂದು ಕಟ್ಟು ಬೀಡಿ, ಪಾಳಿಯಲ್ಲಿ ನಿದ್ದೆ ಬಾರದಿರಲೆಂದು ದವಡೆಯಲ್ಲಿ ತಂಬಾಕು.

“ಬಾಯಿ ಒಳಗೆ ಡಾಕ್ಟರು ಯಾವತ್ತಾದ್ರೂ ನೋಡಿದ್ದಾರಾ?”

“ಬಾಯಾಗ ನೋಡಾಕ ಏನೈತ್ರೀ?” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಒಂದು ಬಿಳೀದು ಆಗೇತ್ರೀ ಗಲ್ಲದಾಗ. ಭಾಳ ದಿನ ಆತು, ಮಾಯವಲ್ದು. ನಮ್ಮವ್ವ ಕೆಂಪು ಖಾರ ಕಳಿಸ್ಯಾಳ, ಬಾಯಿಗೆ ಇಡಾಕ ಆಗವಲ್ದು” ಎಂದ.

ಗದಗಿನವನೊಬ್ಬ ಖಾರ ತಿನ್ನಲಾರೆ ಎಂದರೆ ನನಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ಬಿಡ್ತು ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ. ಅವನಿಗೆ ಬಸ್ಸಿನ ವಿಷಯ ಹೇಳಿದೆ. “ಪಟ್ಟಿಯಲ್ಲಿ ನಿನ್ನ ಕೋಣೆ ಇರೋದ್ರಿಂದ ನೀನು ಹೇಳಿದ್ದು ಪಟ್ಟಿಯಲ್ಲಿಲ್ಲದ ನೂರಾರು ಜನ ಹೇಳಿದ ಹಾಗೆ ಲೆಕ್ಕ” ಎಂದೂ ಹೇಳಿದೆ. ಅವನಿಗೆ ಅದು ಬಹಳ ಸೋಜಿಗವಾಯಿತು.

ನಮ್ಮ ಮೇಲ್ವಿಚಾರಕರಿಗೆ ಸೋಜಿಗವಾಗಲಿಲ್ಲ. “ಬೀಗ ಅಂತ ಬರ್ದಾಯ್ತಲ್ಲ ಮೇಡಂ, ಮತ್ಯಾಕೆ ಕೆದಕ್ತೀರಿ?” ಎಂದರು. ನಾನು ಜಗಳಗಂಟಿಯಲ್ಲ. ಆದರೆ ಅವತ್ತು ಜಗಳವಾಡಿದೆ, ಮೇಜು ಕೂಡ ಒಂದು ಸಲ ಗುದ್ದಿದೆ, ಕೈ ನೊಂದದ್ದು ನನ್ನದೇ. ಕೊನೆಗೆ ಅವರೇ ಸಂಜೆ ನನ್ನೊಡನೆ ಬಂದು ಬೀಗ ಹಾಕಿದ ಒಂದು ಕೋಣೆಯ ಕಿಟಕಿ ತಟ್ಟಿದರು. ಒಳಗಿನಿಂದ ಬೈಗುಳ ಬಂತು. ಬೈಸಿಕೊಂಡ ಮೇಲೆ ಅವರಿಗೆ ನಂಬಿಕೆ ಬಂತು. ಬೀಗದ ಕೋಣೆಗಳಿಗೆಲ್ಲ ಮತ್ತೆ ಹೋದೆವು, ಅಂದಾಜು ತಲೆಕೆಳಗಾಯಿತು, ಬಸ್ಸು ದಾಸರಹಳ್ಳಿಗೆ ಬಂತು.

ಬಸ್ಸಿನ ಸಮಯ ಬೆಳಗ್ಗೆ ಹತ್ತರಿಂದ ನಾಲ್ಕು. ಇದನ್ನು ಗೊತ್ತುಮಾಡಿದ ಬುದ್ಧಿವಂತರಲ್ಲಿ ನಾನೂ ಒಬ್ಬಳು. ಮೂರು ಗಂಟೆಯಾದರೂ ಸಿದ್ದಪ್ಪನ ಸುಳಿವಿಲ್ಲ. ಮಹಡಿ ಹತ್ತಿ ಓಡಿದೆ. ಬಾಗಿಲಲ್ಲಿ ಬೀಗ, ಕಿಟಕಿಯಲ್ಲಿ ಸಿದ್ದಪ್ಪನ ಮುಖ.

“ಮಲ್ಲೂಗ ಹೇಳಿದ್ನಿರೀ, ಇವತ್ತ ಹಾಕಬ್ಯಾಡ ಅಂತ. ರೂಢಿ ಮ್ಯಾಲ ಹಾಕ್ಕೊಂಡು ಹೋಗ್ಯಾನ!”

ಮಲ್ಲು ಆರಕ್ಕೆ ಮುಂಚೆ ಬರುವುದಿಲ್ಲ, ಬಸ್ಸು ನಾಳೆ ಬೊಮ್ಮಸಂದ್ರಕ್ಕೆ. ನಾನು ಅಳುವುದೊಂದು ಬಾಕಿ. ಗದ್ದಲ ಕೇಳಿ ಜಯಮ್ಮ ಮೇಲೆ ಬಂದರು. ಅವರ ಬಳಿ ಇನ್ನೊಂದು ಕೀ ಇರಲಿಲ್ಲ. ಕೆಳಗಿಳಿದು ಹೋದವರು ಒರಳಿನ ಗುಂಡು ಹೊತ್ತು ತಂದರು.

“ನನ್ ಮನೆ, ನನ್ ಬಾಗ್ಲು. ಯಾವನ್ ಕೇಳ್ತಾನೆ? ಬೀಗ ಇಡ್ಕೊಳವ್ವ ನೀನು, ಅಳ್ಳಾಡ್ದಂಗೆ.”

ಜೀವಮಾನವಿಡೀ ಬೀಗಕ್ಕೆ ಮರ್ಯಾದೆ ಕೊಟ್ಟವಳು ನಾನು ಬೀಗ ಹಿಡಿದುಕೊಂಡೆ. ಮೂರನೆಯ ಪೆಟ್ಟಿಗೆ ಅದು ಬಿಟ್ಟುಕೊಂಡಿತು.

ಬಸ್ಸಿನ ಮೆಟ್ಟಿಲ ಬಳಿ ಸಿದ್ದಪ್ಪನ ಕಾಲು ಹಿಂದೆಗೆಯಿತು. ಯಂತ್ರ, ದೀಪ, ಬಿಳಿ ಕೋಟು ನೋಡಿ ಹೆದರಿದ್ದ. “ಮೊದಲ ನೀವು ಕುಂದರ್ರೀ ಅಮ್ಮಾರ” ಎಂದು ಜಯಮ್ಮನವರನ್ನು ಮುಂದೆ ಮಾಡಿದ. ಜಯಮ್ಮ ನನ್ನ ಕಡೆ ತಿರುಗಿ, “ನೀನ್ ಮೊದ್ಲು ಮೆಟ್ಲು ಅತ್ತವ್ವ. ಆವತ್ತು ಪೆನ್ನು ಕೊಡವ್ಕೊಂಡು ಎದ್ದೋದೋಳು ನೀನು” ಎಂದರು. ಹತ್ತಿದೆ. ನನ್ನ ಹಿಂದೆ ಅವರು, ಅವರ ಹಿಂದೆ ಅವನು. ನನಗೆ ಏನೂ ಇಲ್ಲವೆಂದರು. ಜಯಮ್ಮನವರಿಗೆ ಕಡ್ಡಿಪುಡಿಯ ಬಗ್ಗೆ ಡಾಕ್ಟರಿಂದ ಚೆನ್ನಾಗಿ ಬೈಗುಳ ಬಿತ್ತು. ಸಿದ್ದಪ್ಪನ ಕೆನ್ನೆಯ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಇನ್ನೂ ಕ್ಯಾನ್ಸರ್ ಆಗಿಲ್ಲ, ಹೀಗೇ ಬಿಟ್ಟಿದ್ದರೆ ಆಗಬಹುದಿತ್ತು ಎಂದು ಉತ್ತರ ಬಂತು. ಬಸ್ ಸ್ಟಾಪಿನಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಹೂವಿನವಳು ಗಾಬರಿಯಾಗಿ ನೀರು ಕೊಟ್ಟಳು.

ಒಂದು ವರ್ಷದ ಮೇಲೆ ಅದೇ ಬೀದಿಗೆ ಎರಡನೆಯ ಸುತ್ತಿನ ಸಮೀಕ್ಷೆ ಬಂತು. ಮೂರನೆಯ ಅಂತಸ್ತು, ಕೊನೆಯ ಕೋಣೆ, ಹೊಸ ಬೀಗ. ಕಿಟಕಿ ತಟ್ಟಿದೆ. ಸಿದ್ದಪ್ಪ ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ತಂಬಾಕು ಬಿಟ್ಟಿದ್ದ, ಬೀಡಿಯನ್ನೂ ಬಿಟ್ಟಿದ್ದ. ಅದು ಸುಳ್ಳಲ್ಲ ಎನ್ನಲು ನನ್ನ ಮೂಗೇ ಸಾಕ್ಷಿಯಾಗಿತ್ತು.

“ಬಾಯಿ ಪರೀಕ್ಷೆ ಮಾಡಿಸಿಕೊಂಡಿದ್ದೀರಾ?” ಎಂದು ಪುಸ್ತಕದಲ್ಲಿದ್ದಂತೆಯೇ ಕೇಳಿ, ಅವನು ಹೇಳುವ ಮೊದಲೇ ಪೆನ್ನನ್ನು ‘ಹೌದು’ ಎಂಬಲ್ಲಿಗೆ ತಂದೆ.

“ತಡೀರಿ ಅಕ್ಕಾರ,” ಎಂದ. ಅವನ ತುತ್ತು ಕೈಯಲ್ಲೇ ನಿಂತಿತ್ತು. “ನಾ ಹೇಳಿದ್ರ ನೂರಾರು ಮಂದಿ ಹೇಳಿದಂಗ ಅಂದಿದ್ರಲ್ಲ? ನಾ ಈಗ ಹೂಂ ಅಂದ್ರ, ಎಲ್ಲಾರ ಬಾಯೀನೂ ನೋಡಿದಂಗ ಆತಲ್ರೀ?”

“ಹಾಗೇ ಲೆಕ್ಕ.”

“ಹಂಗಾರ ಬಸ್ಸು ಮತ್ತ ಇಲ್ಲಿ ಬರೂದಿಲ್ಲ. ಬಾಜೂ ರೂಮಿನ್ಯಾವ ದಿನಾ ಎರಡು ಕಟ್ಟು ಸೇದ್ತಾನ್ರೀ.” ತುತ್ತನ್ನು ತಟ್ಟೆಗಿಟ್ಟ. “ನಂದು ಇಲ್ಲಾ ಅಂತ ಬರ್ಕೋರಿ.”

ತಾಯಿಗೆ ಹೆದರಿ ಹೇಳಿದ ಸುಳ್ಳು, ಹೆಂಡತಿಗೆ ಹೆದರಿ ಹೇಳಿದ ಸುಳ್ಳು ನನ್ನ ಪುಸ್ತಕದ ತುಂಬ ಇದ್ದವು. ಪಕ್ಕದ ಕೋಣೆಯವನಿಗಾಗಿ ಸುಳ್ಳು ಹೇಳುತ್ತೇನೆಂದವನು ಇವನೊಬ್ಬನೇ. ನಾನು ‘ಹೌದು’ ಎಂದೇ ಬರೆದೆ. ಸಿದ್ದಪ್ಪ ಮುಖ ಸಣ್ಣದು ಮಾಡಿಕೊಂಡ.

ಪಕ್ಕದ ಬಾಗಿಲಲ್ಲೂ ಬೀಗ ನೇತಾಡುತ್ತಿತ್ತು. ನನ್ನ ಪಟ್ಟಿಯಲ್ಲಿ ಆ ಕೋಣೆ ಇರಲಿಲ್ಲ. ಹೋಗಿ ಕಿಟಕಿ ತಟ್ಟಿದೆ.