ನೈಫಿನಲ್ಲಿ ಸಿಕ್ಕ ಪತ್ರೊಡೆ ಡಬ್ಬಿ

ಆಗ ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿದ್ದೆವು. ಕಂಬಳಿ, ಸೆಂಟು, ಟಾರ್ಚು ಕೊಳ್ಳಲು ನಾನು ದುಬೈಯ ನೈಫ್ ಪೇಟೆಗೇ ಹೋಗುವುದು. ಆಗಸ್ಟ್ ಆರಂಭದ ಒಂದು ಶುಕ್ರವಾರ, ಖರೀದಿ ಮುಗಿಸಿ ಏಸಿ ಬಸ್ ಸ್ಟಾಪಿನೊಳಗೆ ಕುಳಿತಿದ್ದೆ. ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬರು, ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಫೋನಿನಲ್ಲಿ ಗಂಡನನ್ನು ತುಳುವಿನಲ್ಲಿ ಗದರುತ್ತಿದ್ದರು. ಗಂಡ ರಜೆಯ ದಿನವೂ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಇವರು ಊಟ ಒಯ್ಯುವಷ್ಟರಲ್ಲಿ ಅವರು ಬಿರಿಯಾನಿ ತಿಂದಾಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ತುಳು ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ, ಬೈಂದೂರಿನವಳು ಎಂದೆ. ಅವರು ಕನ್ನಡಕ್ಕೆ ಬಂದರು.

“ನೋಡಿ ಮಾರಾಯ್ರೆ, ಆಟಿ ತಿಂಗಳು, ಈ ಮಳೆಗಾಲದಲ್ಲಿ ತಿನ್ಲೇಬೇಕು ಅಂತ ಬೆಳಿಗ್ಗೆ ಐದಕ್ಕೆ ಎದ್ದು ಪತ್ರೊಡೆ ಮಾಡಿದ್ದು. ಕೆಸುವಿನ ಎಲೆ ನಿನ್ನೆ ವಿಮಾನದಲ್ಲಿ ಬಂದದ್ದು! ಖಲಾಸ್, ಇನ್ನು ಇವರಿಗೆ ಪತ್ರೊಡೆ ಇಲ್ಲ. ನೀವು ಯಾರ ಪೈಕಿ?”

ಹತ್ತು ವರ್ಷದಲ್ಲಿ ಈ ದೇಶದಲ್ಲಿ ನನ್ನನ್ನು ಯಾರೂ ಹಾಗೆ ಮನೆತನ ಹಿಡಿದು ಕೇಳಿರಲಿಲ್ಲ. ನನ್ನ ಅಕ್ಕನನ್ನು ಕೊಟ್ಟದ್ದು ಶಿರ್ವಕ್ಕೆ. ಈ ಹೆಂಗಸಿನ ತಾಯಿಮನೆ ಅಲ್ಲಿಂದ ಎರಡೇ ಸ್ಟಾಪ್ ಆಚೆ. ಅಂಗಳದ ಬಿಂಬುಳಿ ಮರ, ಬಾವಿಕಟ್ಟೆ, ಅತ್ತಿಗೆಯ ಕೊಂಕು, ಎಲ್ಲವೂ ಅರ್ಧ ಗಂಟೆಯಲ್ಲಿ ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವರ ಬಸ್ಸು ಬಂತು. ಡಬ್ಬಿಯನ್ನು ನನ್ನ ಕೈಗೆ ತುರುಕಿದರು.

“ಡಬ್ಬಿ ಎಲ್ಲಿ ಕೊಡ್ಲಿ?”

“ಇಲ್ಲೇ ಎಲ್ಲಾದ್ರೂ ಸಿಗ್ತೇವಲ್ಲ!”

ಬಸ್ಸು ತಿರುಗಿದ ಮೇಲೆ ಹೊಳೆಯಿತು. ಊರೆಲ್ಲ ಕೇಳಿದವಳು ಅವರ ಹೆಸರನ್ನಾಗಲೀ ಫೋನ್ ನಂಬರನ್ನಾಗಲೀ ಕೇಳಿರಲಿಲ್ಲ.

ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಕ್ರಮ ನಮ್ಮಲ್ಲಿಲ್ಲ. ತಿಂಗಳಿಗೊಮ್ಮೆ ಡಬ್ಬಿಗೆ ಚಕ್ಕುಲಿ ತುಂಬಿ ನೈಫಿಗೆ ಹೋಗುತ್ತಿದ್ದೆ. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಏಳುತ್ತಿದ್ದೆ. ಚಕ್ಕುಲಿ ಮನೆಗೇ ವಾಪಸು. “ಅಮ್ಮಾ, ಜಸ್ಟ್ ಕೀಪ್ ಇಟ್,” ಎನ್ನುತ್ತಾ ಮಗಳು ತಿನ್ನುತ್ತಿದ್ದಳು.

ಮರುವರ್ಷ ಊರಿಗೆ ಹೊರಟಾಗ ನನ್ನವರೇ ದಾರಿ ತೋರಿಸಿದರು. “ಅಕ್ಕನ ಹತ್ರ ಕೊಡು ಮಾರಾಯ್ತಿ. ಬಿಂಬುಳಿ ಮರದ ಗುರುತು ಹೇಳಿದ್ರೆ ಎರಡು ದಿನದಲ್ಲಿ ಆ ಹೆಂಗಸಿನ ತಾಯಿಮನೆಗೆ ಮುಟ್ಟಿಸ್ತಾಳೆ.”

ನಿಜವೇ. ಡಬ್ಬಿ ತೊಳೆದು, ಒರೆಸಿ, ಸೀರೆಗಳ ನಡುವೆ ಇಟ್ಟೆ. ಹೊರಡುವ ಬೆಳಿಗ್ಗೆ ತೂಕ ಹೆಚ್ಚಾಯಿತೆಂದು ಹೇಳಿ ತೆಗೆದೆ. ತೂಕವೇನೂ ಹೆಚ್ಚಿರಲಿಲ್ಲ. ಡಬ್ಬಿ ಅದರ ಮನೆ ಸೇರಿದರೆ, ಆ ಬೆಂಚಿನಲ್ಲಿ ಕೂರಲು ನನಗೆ ಯಾವ ನೆಪ?

ಊರಿಂದ ಬರುವಾಗ ಕೆಸುವಿನ ಎಲೆ ತಂದೆ. ಆ ಶುಕ್ರವಾರ ನೈಫಿಗೆ ಒಯ್ದ ಡಬ್ಬಿಯಲ್ಲಿ ಪತ್ರೊಡೆಯೇ ಇತ್ತು. ಈ ಸಲ ಮೂರು ಬಸ್ಸು ಬಿಟ್ಟೆ.