ಎರಡು ಬೆರಳಿನ ಮಿಸ್ತ್ರಿ

ಹುನಗುಂದದ ಬಸ್ ನಿಲ್ದಾಣದ ಹಿಂದೆ ಬೈಕ್ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ, ಯಾವ ಗಾಡಿ ಬಂದರೂ ಮೊದಲು ಎರಡೇ ಬೆರಳಿನಿಂದ ಮುಂದಿನ ಬ್ರೇಕ್ ಹಿಡಿದು ನೋಡುತ್ತಿದ್ದರು. "ಮದ್ಲ ನಿಲ್ಲೂದು ನೋಡೂಣ್ರಿ, ಓಡೂದು ಆಮ್ಯಾಲ" ಎನ್ನುವುದು ಅವರ ಮಾತು.

ಪಾಠ ಮಾಡಲು ದಿನವೂ ಕಾಲೇಜಿಗೆ ಒಯ್ಯುತ್ತಿದ್ದ ಬೈಕನ್ನೇ ಒಮ್ಮೆ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಹುಚ್ಚು ನನಗೆ ಹತ್ತಿತು. ಹವ್ಯಾಸಿಗಳಿಗೆಂದೇ ಅಲ್ಲಿ ಒಂದು ದಿನ ಬಿಟ್ಟುಕೊಡುತ್ತಾರೆ. ಎಂಜಿನ್ ಜೋರು ಮಾಡಿಕೊಡಿ ಎಂದು ಮಿಸ್ತ್ರಿಗೆ ಹೇಳಿದೆ. ಅವರು ಟ್ರ್ಯಾಕಿನವರು ಕೊಟ್ಟ ನಿಯಮಗಳ ಪಟ್ಟಿ ಓದಿಸಿಕೊಂಡು ಕನ್ನಡಿ ಬಿಚ್ಚಿದರು, ಹೆಡ್‌ಲೈಟಿಗೆ ಟೇಪು ಅಂಟಿಸಿದರು, ಆಯಿಲ್ ಬೋಲ್ಟ್ ಸಡಿಲವಾಗದಂತೆ ತಂತಿ ಬಿಗಿದರು. ಉಳಿದ ಹೊತ್ತೆಲ್ಲ ಬ್ರೇಕಿಗೇ ಕೊಟ್ಟರು. ಸಂಜೆ ಇಳಕಲ್ ರಸ್ತೆಯಲ್ಲಿ ಓಡಿಸಿ ಬಂದವರು, "ಬ್ರೇಕಿನ ಪೈಪಿನ್ಯಾಗ ಇನ್ನೂ ಗಾಳಿ ಐತಿ, ಹಿಡಿತ ಬರೂದಿಲ್ಲ" ಎಂದು ಮತ್ತೆ ಬಿಚ್ಚಿ ಕೂತರು. ಗಾಡಿ ಒಯ್ಯುವ ಟೆಂಪೊ ಹೊರಗೆ ಕಾಯುತ್ತಿತ್ತು. ನಾನು ರೇಗಿದೆ. ಅವರು ತಲೆ ಎತ್ತಲಿಲ್ಲ.

"ಹೋಗಿ ಬರ್ರಿ ಸರ. ಬಂದಮ್ಯಾಲ ಸಿಟ್ಟ ಮಾಡೀರಂತ."

ಬಿಚ್ಚಿದ ಕನ್ನಡಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಮ್ಮ ಹತ್ತಿರವೇ ಇಟ್ಟುಕೊಂಡರು.

ಟ್ರ್ಯಾಕಿನಲ್ಲಿ ಮೂರನೇ ಸುತ್ತಿಗೆ, ತಿರುವಿನ ಬಾಯಲ್ಲಿ, ನನ್ನ ಮುಂದಿದ್ದವರೊಬ್ಬರು ಬೈಕ್ ಸಮೇತ ಬಿದ್ದರು. ಕೈ ತಾನಾಗಿ ಎರಡು ಬೆರಳಿನಿಂದ ಬ್ರೇಕ್ ಹಿಡಿಯಿತು. ಬಿದ್ದವರಿಂದ ಮೊಳದಷ್ಟು ದೂರದಲ್ಲಿ ಗಾಡಿ ನಿಂತಿತು. ಇಬ್ಬರೂ ನಮ್ಮ ನಮ್ಮ ಮನೆಗೆ ಹೋದೆವು.

ಮರಳಿ ಬಂದ ದಿನ, ಎಷ್ಟು ಜೋರು ಓಡಿಸಿದಿರಿ ಎಂದು ಮಿಸ್ತ್ರಿ ಕೇಳಲಿಲ್ಲ. ಸೀರೆಯ ತುಂಡು ಬಿಡಿಸಿ ಕನ್ನಡಿ ಕೂಡಿಸುತ್ತ, "ಹಾಂ, ಈಗ ಸಿಟ್ಟ ಮಾಡ್ರಿ" ಎಂದರು.

ಎಷ್ಟು ಹುಡುಕಿದರೂ ಸಿಟ್ಟು ಸಿಗಲಿಲ್ಲ.