ಬೆಳಕಿರುವಾಗ ತಲುಪುವ ಜಾಗ

ವಿದೇಶದ ಮೋರ್ಲಿಯಲ್ಲಿ ನೆಲೆಸಿದ್ದ ಕನ್ನಡದ ಗೆಳೆಯರು ಪ್ರವಾಸ ಹೊರಟರೆಂದರೆ ರಾತ್ರಿ ಗಾಡಿ ನಿಲ್ಲಿಸಿ ತಂಗುವ ಕ್ಯಾರವಾನ್ ಪಾರ್ಕ್ ಹುಡುಕುವ ಕೆಲಸ ಭರತೇಶನ ತಲೆಗೇ. ಸೋಮಶೇಖರನ ರೈಸ್ ಕುಕ್ಕರಿಗೆ ಕರೆಂಟ್ ಬೇಕು, ಅವನ ಹೆಂಡತಿ ಗಾನವಿಗೆ ಬಿಸಿನೀರು ಬೇಕು, ಅವನ ತಾಯಿಗೆ ಟಾಯ್ಲೆಟ್ ಹತ್ತಿರವಿರಬೇಕು. ತನಗೆ ಇಂಥದ್ದು ಬೇಕೆಂದು ಭರತೇಶ ಎಂದೂ ಬಾಯಿಬಿಟ್ಟವನಲ್ಲ.

ಈ ಸಲ, ಮರುಭೂಮಿಯ ನ್ಯಾಷನಲ್ ಪಾರ್ಕಿಗೆ ಮೋಟರ್‌ಹೋಮ್‌ನಲ್ಲಿ ಹೊರಟಾಗ, ಬಾಯಿಬಿಟ್ಟ. ಅವನು ಜೈನ, ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಅದಕ್ಕೇ ಪಾರ್ಕಿಗಿಂತ ಒಂದು ಗಂಟೆ ದಾರಿಯಷ್ಟು ಈಚೆಗೆ, ಬೆಳಕಿರುವಾಗಲೇ ತಲುಪಬಹುದಾದ ಜಾಗವೊಂದನ್ನು ಆರಿಸಿದ್ದ.

"ಅಲ್ಲೇನ್ ಮಣ್ಣು ನೋಡೋದಾ?" ಎಂದ ಸೋಮಶೇಖರ. "ಪಾರ್ಕ್ ಪಕ್ಕದ್ದೇ ಬುಕ್ ಮಾಡು. ಒಂದಿನ ಉಪವಾಸ ಇದ್ರೆ ಪುಣ್ಯಾನೇ ಬರುತ್ತೆ ಬಿಡೋ."

ಎಲ್ಲರೂ ನಕ್ಕರು. ಭರತೇಶನೂ ಹಲ್ಲು ಕಿರಿದು, ಅವರು ಹೇಳಿದ್ದನ್ನೇ ಬುಕ್ ಮಾಡಿದ.

ದಾರಿಯುದ್ದಕ್ಕೂ ಸರ್ವೋ, ಅಂದರೆ ಪೆಟ್ರೋಲ್ ಬಂಕ್, ಕಂಡಲ್ಲೆಲ್ಲ ಪೆಟ್ರೋಲಿಗಿಂತ ಕಾಫಿಗೇ ನಿಲ್ಲಿಸಿದರು. ಬಂಡೆ ಕಂಡಲ್ಲೆಲ್ಲ ಫೋಟೊಗೆ ನಿಲ್ಲಿಸಿದರು. ಹೊತ್ತು ಇಳಿಯುವಾಗ, ಸ್ಟಿಯರಿಂಗ್ ಹಿಡಿದಿದ್ದ ಭರತೇಶ ತನ್ನ ಊಟದ ಡಬ್ಬಿ ಬಿಚ್ಚಲು ಐದು ನಿಮಿಷ ಕೇಳಿದ. "ಈಗಾಗ್ಲೇ ಲೇಟಾಗಿದೆ, ನಡಿಯೋ ಮಾರಾಯ" ಎಂದ ಸೋಮಶೇಖರ.

ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಕೇಬಲ್ ಎಳೆದು ಅವರ ಕುಕ್ಕರಿಗೆ ಕರೆಂಟ್ ಕೊಟ್ಟವನೂ ಭರತೇಶನೇ. ತುಪ್ಪದ ಒಗ್ಗರಣೆಯ ಘಮಕ್ಕೆ ಬೆನ್ನು ತಿರುಗಿಸಿ ಕುರ್ಚಿಯಲ್ಲಿ ಕೂತ. ಒಬ್ಬರಾದರೂ ಬಂದು 'ಪಾಪ' ಅಂದಾರೆಂದು ಕಾದ.

ಬಂದವನು ಸೋಮಶೇಖರ. ಬಿಸಿಬೇಳೆ ಬಾತ್ ತುಂಬಿದ ಸೌಟನ್ನು ಭರತೇಶನ ಮುಖದೆದುರು ಹಿಡಿದ.

"ಉಪ್ಪು ಸರಿಯಾಗಿದ್ಯಾ ನೋಡೋ."